ನೌಕೆ ಪಿನಾಕಿನಿಯ ದಿನಚರಿ

ಅಂತರಿಕ್ಷದ ಸಿನಿಮಾ ನೋಡಿದ್ದೀರಲ್ಲ? ನೌಕೆಯೊಳಗೆ ಒಂದು ಕಪ್ಪು ಪರದೆ ಇರುತ್ತದೆ. ಅದರ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಚಿತ್ರವಿಲ್ಲ, ಒತ್ತಲು ಬಣ್ಣಬಣ್ಣದ ಗುಂಡಿಗಳಿಲ್ಲ. ಕ್ಯಾಪ್ಟನ್ ಒಂದು ಸಾಲು ಟೈಪ್ ಮಾಡಿದರೆ ಯಂತ್ರ ಇನ್ನೊಂದು ಸಾಲಿನಲ್ಲಿ ಉತ್ತರ ಕೊಡುತ್ತದೆ. ಮಕ್ಕಳೇ, ಅಂಥ ಪರದೆ ನೋಡಲು ಅಂತರಿಕ್ಷಕ್ಕೆ ಹೋಗಬೇಕಿಲ್ಲ. ಲಿನಕ್ಸ್ ಹಾಕಿರುವ ಕಂಪ್ಯೂಟರಿನಲ್ಲೂ ಅದು ಇದೆ. ಅದರ ಹೆಸರು ಟರ್ಮಿನಲ್.

ಆ ಪರದೆಯ ಮೇಲೆ ನಾನೊಂದು ಟಿಪ್ಪಣಿ ಪುಸ್ತಕ ಮಾಡಿದ್ದೇನೆ. ಕಾಗದದ್ದಲ್ಲ, ಪ್ರೋಗ್ರಾಂ. ಅದನ್ನು ತೆರೆದರೆ ಪರದೆಯ ತುಂಬ ಚುಕ್ಕಿಗಳು ಮಿನುಗುತ್ತವೆ. ಮೇಲ್ಗಡೆ ‘ನೌಕೆ ಪಿನಾಕಿನಿ’ ಎಂಬ ಹೆಸರು ಬರುತ್ತದೆ. ಕೆಳಗೆ ‘ದಿನಚರಿ ತೆರೆದಿದೆ. ವರದಿ ಒಪ್ಪಿಸಿ’ ಎಂಬ ಸಾಲು ಕಾಯುತ್ತಿರುತ್ತದೆ. ನಮ್ಮದು ಗೌರಿಬಿದನೂರು ತಾಲ್ಲೂಕಿನ ನಗರಗೆರೆ. ಆಂಧ್ರದ ಗಡಿಗೆ ಹತ್ತಿರದ ಊರು. ನಮ್ಮ ಸೀಮೆಯ ನದಿ ಉತ್ತರ ಪಿನಾಕಿನಿ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ ಆಂಧ್ರಕ್ಕೆ ಹೋಗುತ್ತದೆ. ವರ್ಷದ ಬಹುಪಾಲು ಮರಳೇ ಕಾಣುವ ನದಿ ಅದು. ನೌಕೆಗೆ ಅದರ ಹೆಸರೇ ಇರಲಿ ಎಂದಿದ್ದು ನಮ್ಮ ಅಕ್ಕನ ಮಗಳು ಪುಟ್ಟಿ. ಏಳನೇ ತರಗತಿ ಓದುತ್ತಾಳೆ.

ಈ ಪುಸ್ತಕವನ್ನು ಹೇಗೆ ಕಟ್ಟಿದೆವು, ಏಕೆ ಕಟ್ಟಿದೆವು ಎಂದು ಹೇಳುತ್ತೇನೆ. ಓದಿ ಮುಗಿಸುವಷ್ಟರಲ್ಲಿ ನಿಮಗೂ ಒಂದು ನೌಕೆ ಬೇಕೆನಿಸಿದರೆ, ಕಟ್ಟುವುದು ಕಷ್ಟವೇನಲ್ಲ.

ತಂತಿ ಕಚೇರಿಯಿಂದ ಮಂಗಳ ಗ್ರಹಕ್ಕೆ

ಟರ್ಮಿನಲ್ ಎಂದರೇನು ಎಂದು ಮಕ್ಕಳಿಗಿಂತ ಬೇಗ ಅರ್ಥವಾಗುವುದು ತಾತ-ಅಜ್ಜಿಯರಿಗೆ. ಅವರು ತಂತಿ ಕಂಡವರು. ದೊಡ್ಡ ತಂತಿ ಕಚೇರಿಗಳಲ್ಲಿ ಟೆಲಿಪ್ರಿಂಟರ್ ಎಂಬ ಯಂತ್ರ ಇರುತ್ತಿತ್ತು. ಈ ಊರಿನಲ್ಲಿ ಟೈಪ್ ಮಾಡಿದ ಅಕ್ಷರ ಆ ಊರಿನ ಯಂತ್ರದಲ್ಲಿ ಕಾಗದದ ಮೇಲೆ ಟಪಟಪನೆ ಅಚ್ಚಾಗುತ್ತಿತ್ತು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಆದರೆ ಟೆಲಿಪ್ರಿಂಟರಿನ ಅಣ್ಣತಮ್ಮಂದಿರು ಕಂಪ್ಯೂಟರಿನೊಳಗೆ ಹೆಸರಾಗಿ ಉಳಿದಿದ್ದಾರೆ. ಮೊದಮೊದಲ ಕಂಪ್ಯೂಟರುಗಳ ಜೊತೆ ಮಾತಾಡಲು ಇಂಥದ್ದೇ ಯಂತ್ರ ಬಳಸುತ್ತಿದ್ದರು. ಅದಕ್ಕೆ ಟೆಲಿಟೈಪ್ ಎಂದು ಹೆಸರು. ಲಿನಕ್ಸ್ ಇವತ್ತಿಗೂ ಟರ್ಮಿನಲ್‌ಗಳನ್ನು ‘ಟಿಟಿವೈ’ ಎಂದೇ ಕರೆಯುತ್ತದೆ. ಅದು ಟೆಲಿಟೈಪ್ ಎಂಬುದರ ಚುಟುಕು ರೂಪ.

ಆಮೇಲೆ ಕಾಗದದ ಬದಲು ಗಾಜಿನ ಪರದೆ ಬಂತು. 1978ರಲ್ಲಿ ಬಂದ ವಿಟಿ100 ಎಂಬ ಟರ್ಮಿನಲ್ ಬಹಳ ಹೆಸರಾಯಿತು. ಅದರಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಈ 80 ಎಲ್ಲಿಂದ ಬಂತು ಗೊತ್ತೇ? 1928ರಲ್ಲಿ ಐಬಿಎಂ ಕಂಪನಿ ತಂದ ತೂತಿನ ಕಾರ್ಡಿನಿಂದ. ಆ ಕಾರ್ಡಿನಲ್ಲಿ 80 ಕಂಬಗಳಿದ್ದವು. ಕಾರ್ಡು ಹೋಯಿತು, ಗಾಜಿನ ಪೆಟ್ಟಿಗೆ ಹೋಯಿತು, 80 ಮಾತ್ರ ಹೋಗಲಿಲ್ಲ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಆಗ 21 ವರ್ಷದ ವಿದ್ಯಾರ್ಥಿ. ತಾನು ಬರೆದುದನ್ನು ಎಲ್ಲರಿಗೂ ನೋಡಲು, ತಿದ್ದಲು, ಹಂಚಲು ಬಿಟ್ಟುಕೊಟ್ಟ. ಜಗತ್ತಿನ ಸಾವಿರಾರು ಜನ ಸೇರಿ ಅದನ್ನು ಬೆಳೆಸಿದರು. 2017ರಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸ್ ಓಡಿಸುವಂಥವೇ. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಹಾರಿದ ‘ಇಂಜೆನ್ಯುಯಿಟಿ’ ಎಂಬ ಪುಟ್ಟ ಹೆಲಿಕಾಪ್ಟರಿನ ಒಳಗೂ ಲಿನಕ್ಸ್ ಇತ್ತು. ಅಂದಮೇಲೆ ನಗರಗೆರೆಯ ನೌಕೆಗೂ ಅದು ಸಾಕಲ್ಲವೇ? ನಾವು ಬಳಸಿದ್ದು ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್. ಹೊಸ ಪ್ರೋಗ್ರಾಂಗಳ ಭಾರ ಹೊರಲಾರದ ಯಂತ್ರಕ್ಕೆ ಟರ್ಮಿನಲ್ ಒಂದು ಹೂವಿನಷ್ಟು ಹಗುರ.

ಗೆದ್ದಲು ತಿಂದದ್ದು, ಕಂಪನಿ ಮುಚ್ಚಿದ್ದು

ನಮ್ಮ ಅಪ್ಪ, ಅಂದರೆ ಪುಟ್ಟಿಯ ತಾತ, ಬೇಸಾಯಗಾರರು. ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಗಳಲ್ಲಿ ದಿನವೂ ಎರಡು ಸಾಲು ಬರೆಯುವುದು ಅವರ ಅಭ್ಯಾಸ. ಯಾವ ಮಳೆ ಎಷ್ಟು ಹದ ಬಂತು, ರಾಗಿ ಯಾವಾಗ ಬಿತ್ತಿದ್ದು, ಮುಸುಕಿನ ಜೋಳಕ್ಕೆ ಏನು ಬೆಲೆ ಸಿಕ್ಕಿತು, ಕೊಳವೆ ಬಾವಿ ಎಷ್ಟು ಅಡಿಗೆ ಇಳಿಸಿದ್ದು, ಯಾವ ಹಸು ಯಾವಾಗ ಈದದ್ದು ಎಲ್ಲ ಅದರಲ್ಲಿ ಇರುತ್ತಿತ್ತು. ಡೈರಿಗಳನ್ನು ಅಟ್ಟದ ಮೇಲೆ ಟ್ರಂಕಿನಲ್ಲಿ ಇಟ್ಟಿದ್ದರು. ಒಂದು ಮಳೆಗಾಲದಲ್ಲಿ ಟ್ರಂಕಿಗೆ ಗೆದ್ದಲು ಹತ್ತಿತು. ಕೆಲವು ವರ್ಷಗಳ ಮಳೆ, ಬೆಳೆ, ಬೆಲೆ ಎಲ್ಲವೂ ಮಣ್ಣಾಗಿ ಹೋಯಿತು. ಅದೇ ಹೊತ್ತಿಗೆ ಅಪ್ಪನ ಕಣ್ಣಿಗೂ ಪೊರೆ ಬಂದು ಸಣ್ಣ ಅಕ್ಷರ ಕಾಣದಾಯಿತು. ಬರೆಯುವುದು ನಿಂತಿತು.

ಫೋನಿನಲ್ಲಿ ಬರೆದರಾಯಿತು ಎಂದು ಪುಟ್ಟಿಯ ಅಮ್ಮ ಒಂದು ಟಿಪ್ಪಣಿ ಆ್ಯಪ್ ಹಾಕಿಕೊಟ್ಟಳು. ಅಪ್ಪ ಹೇಳಿದ್ದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲಿ ಬರೆದರು. ಒಂದು ದಿನ ‘ನಮ್ಮ ಸೇವೆ ನಿಲ್ಲುತ್ತಿದೆ’ ಎಂಬ ಸಂದೇಶ ಇಂಗ್ಲಿಷಿನಲ್ಲಿ ಬಂತಂತೆ. ದಿನಕ್ಕೆ ಬರುವ ನೂರು ಸಂದೇಶಗಳ ನಡುವೆ ಅದನ್ನು ಯಾರು ಓದುತ್ತಾರೆ? ಕೊಟ್ಟ ಗಡುವು ಮುಗಿದ ಮೇಲೆ ಆ್ಯಪ್ ತೆರೆಯಲೇ ಇಲ್ಲ. ಬರೆದುದೆಲ್ಲ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇತ್ತು, ನಮ್ಮ ಕೈಯಲ್ಲಿ ಇರಲಿಲ್ಲ.

‘ಗೆದ್ದಲಾದರೂ ಒಂದೊಂದೇ ಹಾಳೆ ತಿಂತು’ ಎಂದರು ಅಪ್ಪ.

ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಆ ಮಾತು ಕೇಳಿದ ಮೇಲೆ ಮೂರು ನಿಯಮ ಹಾಕಿಕೊಂಡೆ. ಒಂದು, ಬರೆದುದು ನಮ್ಮ ಮನೆಯಲ್ಲೇ ಇರಬೇಕು. ಎರಡು, ನಾಳೆ ನನ್ನ ಪ್ರೋಗ್ರಾಂ ಕೆಟ್ಟರೂ ಬರೆದುದನ್ನು ಓದಲು ಬರಬೇಕು. ಮೂರು, ಅಪ್ಪ ಹೇಳುವುದನ್ನು ದಿನವೂ ಕೂತು ಬರೆಯುವ ಆಸೆ ಪುಟ್ಟಿಗೆ ಹುಟ್ಟಬೇಕು. ಮೊದಲ ಎರಡಕ್ಕೆ ಲಿನಕ್ಸ್ ಸಾಕು. ಮೂರನೆಯದಕ್ಕೆ ಅಂತರಿಕ್ಷ ಬೇಕಾಯಿತು.

ಹಗ್ಗಕ್ಕೆ ಕಟ್ಟಿದ ಮರದ ತುಂಡು

ಪುಟ್ಟಿಗೆ ‘ಡೈರಿ ಬರಿ’ ಎಂದರೆ ಆಕಳಿಕೆ. ‘ನೌಕೆಯ ದಿನಚರಿ ಬರಿ’ ಎಂದರೆ ಕಣ್ಣು ಅರಳುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಕ್ಯಾಪ್ಟನ್ ತನ್ನ ‘ಲಾಗ್’ ಹೇಳಿ ಬರೆಸುತ್ತಾನೆ. ಲಾಗ್ ಎಂದರೆ ಮರದ ತುಂಡು! ಹಿಂದೆ ಹಾಯಿ ಹಡಗಿನವರು ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟು ಹಾಕಿರುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಜಾರಿದವೋ ಅಷ್ಟು ಹಡಗಿನ ವೇಗ. ಇವತ್ತಿಗೂ ಹಡಗಿನ ವೇಗವನ್ನು ‘ನಾಟ್’ ಅಂದರೆ ಗಂಟುಗಳಲ್ಲೇ ಹೇಳುತ್ತಾರೆ. ಆ ಲೆಕ್ಕ ಬರೆದಿಡುವ ಪುಸ್ತಕಕ್ಕೆ ಲಾಗ್ ಪುಸ್ತಕ ಎಂದು ಹೆಸರಾಯಿತು. ಆಮೇಲೆ ಗಾಳಿ, ಮಳೆ, ದಾರಿ, ಜ್ವರ, ಜಗಳ ಎಲ್ಲವೂ ಅದರೊಳಗೆ ಬಂದವು.

ಹಡಗಿನ ಪುಸ್ತಕಕ್ಕೆ ಒಂದು ಶಿಸ್ತಿದೆ. ಬರೆದುದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಮೇಲೊಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ನೌಕೆ ಪಿನಾಕಿನಿಗೂ ಅದೇ ಶಿಸ್ತು. ಲಿನಕ್ಸಿನಲ್ಲಿ ಇದು ತೀರಾ ಸುಲಭ. ಒಂದು ಕಡತಕ್ಕೆ ಏನಾದರೂ ಬರೆಯುವಾಗ ಒಂದು ಬಾಣದ ಗುರುತು ಹಾಕಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಎರಡು ಬಾಣ ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದೆ. ನಮ್ಮ ನೌಕೆಯಲ್ಲಿ ಯಾವಾಗಲೂ ಎರಡು ಬಾಣವೇ.

ಪ್ರೋಗ್ರಾಂ ಬರೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ಪರದೆಯ ಬೇಕಾದ ಜಾಗದಲ್ಲಿ ಅಕ್ಷರ ಇಡಲು, ಬಣ್ಣ ಹಚ್ಚಲು ಪೈಥಾನಿನೊಳಗೆ ‘ಕರ್ಸಸ್’ ಎಂಬ ಸಲಕರಣೆ ಇದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಶಾಪಗಳು ಎಂಬ ಅರ್ಥವೂ ಇದೆ ಎಂದು ತಿಳಿದ ದಿನ ಪುಟ್ಟಿ ಮನೆಯೆಲ್ಲ ಓಡಾಡಿ ‘ಚಿಕ್ಕಮ್ಮ ಶಾಪ ಹಾಕಿ ನಕ್ಷತ್ರ ಬರಿಸ್ತಾಳೆ’ ಎಂದು ಡಂಗುರ ಸಾರಿದಳು. ಅದರಲ್ಲಿ ನಾಲ್ಕೇ ಆಜ್ಞೆಗಳು: ಬರೆ, ಹುಡುಕು, ತೋರಿಸು, ಮುಗಿಸು. ಹತ್ತು ಆಜ್ಞೆ ಇಟ್ಟರೆ ನೆನಪಿಡುವುದೇ ಒಂದು ಕೆಲಸವಾಗುತ್ತದೆ.

ನಮ್ಮದೇ ನಕ್ಷತ್ರ ದಿನಾಂಕ

‘ಸ್ಟಾರ್ ಟ್ರೆಕ್’ ಕ್ಯಾಪ್ಟನ್ ತನ್ನ ವರದಿ ಶುರು ಮಾಡುವಾಗ ಮೊದಲು ‘ನಕ್ಷತ್ರ ದಿನಾಂಕ’ ಹೇಳುತ್ತಾನೆ. ಅದು ಕಥೆಗಾರರು ಕಟ್ಟಿದ ಲೆಕ್ಕ. ನಮಗೂ ಅಂಥದ್ದೊಂದು ಬೇಕಲ್ಲ ಎಂದು ನಾನೂ ಪುಟ್ಟಿಯೂ ಯೋಚಿಸುತ್ತ ಕೂತಿದ್ದಾಗ ಅಪ್ಪ ನಕ್ಕರು. ‘ನಮಗೆ ಯಾವತ್ತಿಂದಲೂ ಇದೆಯಲ್ಲಮ್ಮ. ಇವತ್ತು ಆರಿದ್ರಾ ಮೂರನೇ ದಿನ’ ಎಂದರು.

ನಿಜ. ನಮ್ಮ ರೈತರ ಮಳೆ ಲೆಕ್ಕವೆಲ್ಲ ನಕ್ಷತ್ರದ್ದೇ. ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿಯನ್ನು ನಮ್ಮ ಹಿರಿಯರು 27 ಸಮಭಾಗ ಮಾಡಿ, ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟರು. ವರ್ಷದ 365 ದಿನವನ್ನು 27ರಿಂದ ಭಾಗಿಸಿ ನೋಡಿ. ಹದಿಮೂರೂವರೆ ಬರುತ್ತದೆ. ಸೂರ್ಯ ಒಂದು ನಕ್ಷತ್ರದ ಭಾಗದಲ್ಲಿ ಇರುವುದು ಅಷ್ಟು ದಿನ. ಆ ದಿನಗಳಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಶುರು. ಏಪ್ರಿಲ್ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕಾ, ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರಾ, ಜೂನ್ 22ಕ್ಕೆ ಆರಿದ್ರಾ. ಹೀಗೇ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಎಂದು ನವೆಂಬರಿನವರೆಗೆ ಸಾಗುತ್ತದೆ. ಆರಿದ್ರಾ ಬಂದರೆ ದರಿದ್ರ ಓಡುತ್ತದೆ ಎಂಬ ಗಾದೆ ನಿಮ್ಮ ಮನೆಯ ಹಿರಿಯರಿಗೂ ಗೊತ್ತಿರುತ್ತದೆ, ಕೇಳಿ ನೋಡಿ.

ಪ್ರೋಗ್ರಾಂಗೆ ಇದನ್ನು ಕಲಿಸುವುದು ಸುಲಭ. ಹೊಸ ಪಂಚಾಂಗ ಬಂದಾಗ 27 ಸಾಲಿನ ಒಂದು ಪಟ್ಟಿ ಮಾಡುತ್ತೇವೆ. ಒಂದೊಂದು ಸಾಲಿನಲ್ಲಿ ನಕ್ಷತ್ರದ ಹೆಸರು, ಅದು ಶುರುವಾಗುವ ದಿನ. ನೌಕೆ ತೆರೆದಾಗ ಪ್ರೋಗ್ರಾಂ ಇವತ್ತಿನ ತಾರೀಖು ನೋಡಿ, ಪಟ್ಟಿಯಲ್ಲಿ ಹುಡುಕಿ, ‘ನಕ್ಷತ್ರ ದಿನಾಂಕ: ಆರಿದ್ರಾ 3’ ಎಂದು ಪರದೆಯ ಮೇಲೆ ಬರೆಯುತ್ತದೆ. ಅದನ್ನು ಓದಿ ಹೇಳಿದಾಗ ಅಪ್ಪ ತಲೆಯಾಡಿಸುತ್ತಾರೆ. ಪುಟ್ಟಿ ಸೆಲ್ಯೂಟ್ ಹೊಡೆಯುತ್ತಾಳೆ.

ಒಂದೇ ಸಲ ಪಟ್ಟಿ ಮಾಡಿ ಬಿಟ್ಟರಾಗದೇ, ಪ್ರತಿ ವರ್ಷ ಏಕೆ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಂಗ್ಲಿಷ್ ವರ್ಷ ಒಮ್ಮೆ 365 ದಿನ, ಒಮ್ಮೆ 366 ದಿನ. ಆದ್ದರಿಂದ ಒಂದು ದಿನ ಆಚೀಚೆ ಆಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಕಾಲ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಭೂಮಿಯ ಅಕ್ಷ ಬುಗುರಿಯಂತೆ ಬಹಳ ನಿಧಾನವಾಗಿ ತೂಗುವುದರಿಂದ ಹೀಗಾಗುತ್ತದೆ. ವರ್ಷಕ್ಕೆ 20 ನಿಮಿಷವಾದರೆ 72 ವರ್ಷಕ್ಕೆ 1,440 ನಿಮಿಷ, ಅಂದರೆ ಸರಿಯಾಗಿ ಒಂದು ದಿನ. ಮುತ್ತಾತನ ಕಾಲದ ಆರಿದ್ರಾ ಈಗಿನದಕ್ಕಿಂತ ಒಂದು ದಿನ ಮೊದಲೇ ಶುರುವಾಗುತ್ತಿತ್ತು ಎಂದಾಯಿತು.

‘ಜ್ಜಿ’ಗೆ ಎಷ್ಟು ಮನೆ?

ಟರ್ಮಿನಲ್ ಎಂದರೆ ಚೌಕಳಿ ಹಾಕಿದ ಲೆಕ್ಕದ ಪುಸ್ತಕದ ಹಾಗೆ. ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿಗೆ ಇದು ಸರಿಹೋಗುತ್ತದೆ. ಕನ್ನಡದ ಅಕ್ಷರಗಳು ಹಾಗೆ ಮನೆಯೊಳಗೆ ಕೂರುವ ಜನವಲ್ಲ. ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ, ಕೊಂಬು ಪಕ್ಕದ ಮನೆಗೆ ಕಾಲು ಚಾಚುತ್ತದೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ವ್ಯವಸ್ಥೆಯ ಹೆಸರು ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡ ಅದರಲ್ಲಿತ್ತು. ಕನ್ನಡಕ್ಕೆ 128 ಜಾಗ ಮೀಸಲು. ‘ಅಜ್ಜಿ’ ಎಂದು ಬರೆದರೆ ನಮಗೆ ಕಾಣುವುದು ಎರಡಕ್ಷರ. ಕಂಪ್ಯೂಟರಿಗೆ ಅದು ಐದು: ಅ, ಜ, ಅರ್ಧಾಕ್ಷರದ ಗುರುತು, ಮತ್ತೆ ಜ, ಕೊನೆಗೆ ಗುಡಿಸು. ‘ನಗರಗೆರೆ’ಯಲ್ಲಿ ಕಣ್ಣಿಗೆ ಐದಕ್ಷರ, ಯಂತ್ರಕ್ಕೆ ಏಳು. ‘ಗೌರಿಬಿದನೂರು’ ನಮಗೆ ಆರು, ಯಂತ್ರಕ್ಕೆ ಹನ್ನೊಂದು. ನಿಮ್ಮ ಊರಿನ ಹೆಸರನ್ನೂ ಹೀಗೆ ಬಿಡಿಸಿ ಎಣಿಸಿ ನೋಡಿ. ಗುಣಿತದ ಒಂದೊಂದು ಚಿಹ್ನೆಯೂ ಒಂದು, ಒತ್ತಿನ ಹಿಂದಿನ ಅರ್ಧಾಕ್ಷರದ ಗುರುತೂ ಒಂದು.

ಈ ಐದೋ ಏಳೋ ಗುರುತುಗಳಿಗೆ ಎಷ್ಟು ಮನೆ ಕೊಡಬೇಕು ಎಂಬುದರಲ್ಲಿ ಟರ್ಮಿನಲ್‌ಗಳು ಗೊಂದಲಕ್ಕೆ ಬೀಳುತ್ತವೆ. ಗುಡಿಸಿಗೆ ಮನೆ ಬೇಡ ಎಂದು ಸುಮ್ಮನಿರುವ ಟರ್ಮಿನಲ್ ಕೊಂಬಿಗೆ ಒಂದು ಮನೆ ಕೊಟ್ಟುಬಿಡಬಹುದು. ಒತ್ತಕ್ಷರವನ್ನು ಬಿಡಿಸಿ ಎರಡು ಮನೆಯಲ್ಲಿ ಕೂರಿಸುವುದೂ ಉಂಟು. ಅದರಿಂದ ಏನು ತೊಂದರೆ? ಸಿನಿಮಾ ನೌಕೆಯ ಪರದೆಯಲ್ಲಿ ಬರಹದ ಸುತ್ತ ಚಂದದ ಚೌಕಟ್ಟು ಇರುತ್ತದೆ. ಪ್ರೋಗ್ರಾಂ ಒಂದು ಲೆಕ್ಕ ಹಾಕಿ ಬಲಗಡೆಯ ಗೋಡೆ ಎಳೆಯುತ್ತದೆ, ಟರ್ಮಿನಲ್ ಇನ್ನೊಂದು ಲೆಕ್ಕ ಹಾಕಿ ಕನ್ನಡ ಬರೆಯುತ್ತದೆ. ಗೋಡೆ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ನಿಂತು, ಹಳೆಯ ಮಣ್ಣಿನ ಗೋಡೆಯ ಹಾಗೆ ವಾಲುತ್ತದೆ.

ಇದಕ್ಕೆ ಕಂಡ ಉಪಾಯ ಬಹಳ ಸರಳ: ಬಲಗಡೆ ಗೋಡೆಯೇ ಬೇಡ! ಎಡಗಡೆ ಒಂದು ಕಂಬ, ಮೇಲೊಂದು ತೊಲೆ, ಕೆಳಗೊಂದು ಗೆರೆ. ಬಲಗಡೆ ಬಯಲು. ಸಾಲು ಎಲ್ಲಿಗೆ ಮುಗಿದರೂ ಕೆಡುವುದಿಲ್ಲ. ‘ಆ ಕಡೆ ಅಂತರಿಕ್ಷ, ಅದಕ್ಕೇ ಗೋಡೆ ಇಲ್ಲ’ ಎಂದು ಪುಟ್ಟಿ ತನ್ನ ಗೆಳತಿಯರಿಗೆ ವಿವರಿಸಿದ್ದಾಳೆ. ಒತ್ತಕ್ಷರ ಒಡೆಯದಂತೆ ತೋರಿಸಲು ಭಾರತೀಯ ಲಿಪಿಗಳನ್ನು ಬಲ್ಲ ಟರ್ಮಿನಲ್ ಆರಿಸಿಕೊಳ್ಳಬೇಕು. ‘ಎಂಎಲ್‌ಟರ್ಮ್’ ಅಂಥದ್ದೊಂದು. ಹಲವು ಭಾಷೆಗಳಿಗೆಂದೇ ಮಾಡಿದ್ದು. ಲಿನಕ್ಸಿಗೆ ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಕನ್ನಡ ಫಾಂಟ್‌ಗಳು ಬೆಲೆಯಿಲ್ಲದೆ ಸಿಗುತ್ತವೆ. ನಾವು ಗುಬ್ಬಿ ಹಾಕಿ, ಅಕ್ಷರವನ್ನು ಅಪ್ಪನ ಕಣ್ಣಿಗೆ ಕಾಣುವಷ್ಟು ದಪ್ಪ ಮಾಡಿದೆವು. ಟೈಪ್ ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೇ ಇದೆ, ‘ಕಗಪ’ ಎಂಬ ಹೆಸರಿನಲ್ಲಿ. ಶಾಲೆಯ ಕಂಪ್ಯೂಟರಿನಲ್ಲಿ ‘ನುಡಿ’ ಬಳಸಿ ಅಭ್ಯಾಸವಿದ್ದ ಪುಟ್ಟಿಗೆ ಅದು ಒಂದೇ ದಿನದಲ್ಲಿ ಕೈಗೆ ಬಂತು.

ಕಣಜ

ಬರೆದುದೆಲ್ಲ ಹೋಗಿ ಸೇರುವ ಜಾಗಕ್ಕೆ ‘ಕಣಜ’ ಎಂದು ಹೆಸರಿಟ್ಟಿದ್ದೇವೆ. ಅದರೊಳಗೆ ದಿನಕ್ಕೊಂದು ಕಡತ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹೀಗೆ ಬರೆದರೆ ಯಾರೂ ಜೋಡಿಸದೆಯೇ ಕಡತಗಳು ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖುಗಳೂ ಒಟ್ಟಿಗೆ ಬಂದು ನಿಲ್ಲುತ್ತವೆ.

ಕಡತದೊಳಗೆ ಇರುವುದು ಬರೀ ಅಕ್ಷರ. ಬಣ್ಣವಿಲ್ಲ, ಚುಕ್ಕಿಗಳಿಲ್ಲ, ನೌಕೆಯಿಲ್ಲ. ಆ ವೇಷವೆಲ್ಲ ತೆರೆದು ಓದುವಾಗ ಮಾತ್ರ. ನಾಳೆ ನೌಕೆ ಪಿನಾಕಿನಿ ಕೆಟ್ಟು ನಿಂತರೂ ಅಪ್ಪನ ಮಾತು ಕೆಡುವುದಿಲ್ಲ. ಯಾವ ಕಂಪ್ಯೂಟರಿನಲ್ಲಿ, ಯಾವ ಫೋನಿನಲ್ಲಿ ತೆರೆದರೂ ಓದಬಹುದು. ಮದುವೆ ಮನೆಯ ಚಪ್ಪರ ಬಿಚ್ಚಿದರೆ ಮನೆ ಬೀಳುತ್ತದೆಯೇ? ಹಾಗೆ.

ಜಾಗವೂ ಹೆಚ್ಚು ಬೇಡ. ಕಡತದಲ್ಲಿ ಕನ್ನಡದ ಒಂದು ಗುರುತಿಗೆ ಮೂರು ಬೈಟ್ ಬೇಕು. ದಿನಕ್ಕೆ ಸಾವಿರ ಗುರುತುಗಳ ಒಂದು ಪುಟ ಬರೆದರೆ ಮೂರು ಸಾವಿರ ಬೈಟ್. ಇಡೀ ವರ್ಷಕ್ಕೆ ಸುಮಾರು 11 ಲಕ್ಷ. ಫೋನಿನಲ್ಲಿ ತೆಗೆಯುವ ಒಂದು ಒಳ್ಳೆಯ ಫೋಟೋಕ್ಕೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಕಂಪ್ಯೂಟರುಗಳ ನೆನಪಿನ ಶಕ್ತಿ ಒಟ್ಟು 70 ಸಾವಿರ ಬೈಟಿನಷ್ಟು ಮಾತ್ರ. ಅಷ್ಟರಲ್ಲೇ ಗುರು, ಶನಿ, ಯುರೇನಸ್, ನೆಪ್ಚೂನ್ ನೋಡಿಕೊಂಡು, ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ದಾಟಿದವು. ಆ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪನದ ತಟ್ಟೆ ಇದೆ. ಅದರಲ್ಲಿ ಭೂಮಿಯ 55 ಭಾಷೆಗಳ ಶುಭಾಶಯವಿದೆ. ಕನ್ನಡವೂ ಅವುಗಳಲ್ಲಿ ಒಂದು. ಕನ್ನಡ ಅಂತರಿಕ್ಷಕ್ಕೆ ಹೊಸದಲ್ಲ, ನಮ್ಮ ಪುಟ್ಟಿ ಹುಟ್ಟುವ ಮುಂಚೆಯೇ ಹೋಗಿದೆ.

ಕಣಜದ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಇನ್ನೊಂದು ನನ್ನ ಬಳಿ ಬೆಂಗಳೂರಿನಲ್ಲಿದೆ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಹೊಸದಾಗಿ ತುಂಬುತ್ತೇವೆ. ಗೆದ್ದಲು ಮೂರು ಮನೆಗೂ ಒಟ್ಟಿಗೆ ಬರುವುದಿಲ್ಲವಲ್ಲ.

‘ಪ್ರಶ್ನೆ’ ಎಂಬ ಖಾನೆ

ದಿನಚರಿಯಲ್ಲಿ ಮಳೆ, ಬೆಳೆ, ಲೆಕ್ಕ, ಕಥೆ ಎಂಬ ಖಾನೆಗಳಿವೆ. ಐದನೆಯದು ಪ್ರಶ್ನೆ. ಅದು ಪುಟ್ಟಿಯದು. ಅವಳು ಬರೆದ ಮೊದಲ ಪ್ರಶ್ನೆ: ‘ಅಂತರಿಕ್ಷದಿಂದ ನಮ್ಮೂರಿಗೆ ಏನಾದರೂ ಕೇಳಿಸುತ್ತದೆಯೇ?’

ಕೇಳಿಸುತ್ತದೆ! ಅದೂ ನಮ್ಮ ತಾಲ್ಲೂಕಿನಲ್ಲೇ. ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೋ ದೂರದರ್ಶಕವಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ್ದು. ದೂರದರ್ಶಕ ಎಂದರೆ ಕೊಳವೆ, ಗಾಜು ನೆನಪಾಗುತ್ತದೆ. ಇದರಲ್ಲಿ ಅದಾವುದೂ ಇಲ್ಲ. ಬಯಲಿನಲ್ಲಿ ಸಾಲಾಗಿ ನಿಂತ ಕಂಬ, ತಂತಿಗಳು. ದೂರದಿಂದ ನೋಡಿದರೆ ದ್ರಾಕ್ಷಿ ತೋಟದ ಚಪ್ಪರ ಅನ್ನಬೇಕು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ಜೋಡಿಸಿದ್ದರು. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದ. ಅದು 34.5 ಮೆಗಾಹರ್ಟ್ಸ್ ಅಲೆಗಳನ್ನು ಆಲಿಸಿ, ಆ ಅಲೆಗಳಲ್ಲಿ ಆಕಾಶ ಹೇಗೆ ಕಾಣುತ್ತದೆ ಎಂಬ ನಕ್ಷೆ ಮಾಡಲು ನೆರವಾಯಿತು. ಆಮೇಲೆ 1997ರಲ್ಲಿ ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಇನ್ನೊಂದು ವ್ಯವಸ್ಥೆಯೂ ಅಲ್ಲಿ ಬಂತು. ನಾವು ಪರದೆಯ ಮೇಲೆ ಆಟಕ್ಕೆ ಬರೆದ ‘ಸಂಕೇತ ಬರುತ್ತಿದೆ’ ಎಂಬ ಸಾಲು ಅಲ್ಲಿ ದಿನನಿತ್ಯದ ಕೆಲಸ.

ಪ್ರಶ್ನೆ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಭೌತವಿಜ್ಞಾನಿ, ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು 1920ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಹೊಸೂರಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕಣ್ಣಾರೆ ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದು ಎಂದು ಜೀವನವಿಡೀ ಹೇಳುತ್ತ ಬಂದವರು. ಅಪ್ಪ ಈ ಸಂಗತಿ ಹೇಳಿದ ಮೇಲೆ ಪುಟ್ಟಿ ‘ಪ್ರಶ್ನೆ’ ಖಾನೆಯ ಪಕ್ಕದಲ್ಲಿ ‘ಪರೀಕ್ಷೆ ಮಾಡಿದ್ದು’ ಎಂಬ ಇನ್ನೊಂದು ಖಾನೆ ಕೇಳಿದಳು. ಹಾಕಿಕೊಟ್ಟೆ.

ಆ ಖಾನೆಗೆ ಮೊದಲು ಬಂದದ್ದು ಮಳೆ. ಅಪ್ಪನ ಲೆಕ್ಕ ‘ಒಂದು ಹದ’, ‘ಎರಡು ಹದ’. ಪುಟ್ಟಿ ಅಂಗಳದಲ್ಲಿ ಒಂದು ಡಬ್ಬ ಇಟ್ಟಳು. ತಳ ಸಮತಟ್ಟಾಗಿ, ಪಕ್ಕಗಳು ನೇರವಾಗಿ ಇರುವ ಡಬ್ಬ. ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಆಳವನ್ನು ಸ್ಕೇಲಿನಲ್ಲಿ ಅಳೆಯುತ್ತಾಳೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಒಂದು ಕೊಳವೆ ಬಾವಿಗೆ ಎಷ್ಟು ಖರ್ಚು ಮಾಡಿದ್ದೆವು ಎಂದು ನೆನಪು ಮಾಡಿಕೊಳ್ಳುತ್ತಿದ್ದರೇನೋ.

ವರದಿ ಒಪ್ಪಿಸುವ ಹೊತ್ತು

ಈಗ ದಿನವೂ ಸಂಜೆ ಏಳರ ಹೊತ್ತಿಗೆ ನೌಕೆ ತೆರೆಯುತ್ತದೆ. ತಾತ ಹೇಳುತ್ತಾರೆ, ಮೊಮ್ಮಗಳು ಬರೆಯುತ್ತಾಳೆ. ಬರೆದುದನ್ನು ಮತ್ತೆ ಓದಿ ಹೇಳುತ್ತಾಳೆ. ನಮ್ಮ ಕಡೆ ಮನೆಮಾತಿನಲ್ಲಿ ಕನ್ನಡ-ತೆಲುಗು ಎರಡೂ ಬೆರೆತಿರುತ್ತವೆ. ಅಪ್ಪ ಯಾವ ಪದ ಹೇಳಿದರೋ ಅದನ್ನೇ ಬರೆಯಬೇಕೆಂಬುದು ನೌಕೆಯ ಇನ್ನೊಂದು ನಿಯಮ.

ಗೆದ್ದಲು ಬಿಟ್ಟುಹೋದ ಡೈರಿಗಳನ್ನೂ ಒಂದೊಂದಾಗಿ ಕಣಜಕ್ಕೆ ತುಂಬುತ್ತಿದ್ದೇವೆ. ರಜೆಯಲ್ಲಿ ನಾನು ಓದುತ್ತೇನೆ, ಪುಟ್ಟಿ ಟೈಪ್ ಮಾಡುತ್ತಾಳೆ. ಹಾಳೆ ಹರಿದ ಕಡೆ ಅಪ್ಪ ನೆನಪಿನಿಂದ ಹೇಳಿದರೆ, ‘ನೆನಪಿನಿಂದ’ ಎಂದೇ ಬರೆಯುತ್ತೇವೆ. ಪುಸ್ತಕದಲ್ಲಿ ಇದ್ದದ್ದು ಬೇರೆ, ನೆನಪು ಬೇರೆ, ಎರಡಕ್ಕೂ ಬೆಲೆ ಇದೆ.

ಈ ವರ್ಷ ಮೃಗಶಿರಾ ಕೈಕೊಟ್ಟಾಗ ಅಪ್ಪ ಕೇಳಿದರು, ‘ಹಿಂದೆ ಹೀಗಾದಾಗ ರಾಗಿ ಯಾವಾಗ ಹಾಕಿದ್ವಿ, ನೋಡಮ್ಮ.’ ಪುಟ್ಟಿ ‘ಹುಡುಕು ಮೃಗಶಿರಾ’ ಎಂದು ಟೈಪ್ ಮಾಡಿದಳು. ಮೃಗಶಿರಾ ಎಂಬ ಪದವಿರುವ ಸಾಲುಗಳೆಲ್ಲ, ಬೇರೆ ಬೇರೆ ವರ್ಷಗಳವು, ಕಪ್ಪು ಪರದೆಯ ಮೇಲೆ ಒಂದರ ಕೆಳಗೊಂದು ಬಂದು ನಿಂತವು. ಅಪ್ಪ ಮೂವತ್ತು ವರ್ಷದವರಾಗಿದ್ದಾಗ ಬರೆದ ಸಾಲು, ಐವತ್ತರಲ್ಲಿ ಬರೆದ ಸಾಲು, ಹೋದ ವರ್ಷ ಮೊಮ್ಮಗಳ ಕೈಯಲ್ಲಿ ಬರೆಸಿದ ಸಾಲು. ಪುಟ್ಟಿ ಓದುತ್ತ ಹೋದಳು. ‘ನಾನು ಇಷ್ಟೆಲ್ಲ ಬರೆದಿದ್ದೆನಾ?’ ಎಂದರು ಅಪ್ಪ. ಆರಿದ್ರಾ ಕೊನೆಯವರೆಗೆ ಕಾದು ನೋಡುವುದೆಂದು ತೀರ್ಮಾನವಾಯಿತು. ಅಂದಿನ ವರದಿಯಲ್ಲಿ ಅದನ್ನೂ ಬರೆದರು.

ನೀವೂ ಒಂದು ನೌಕೆ ಕಟ್ಟಿ

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಹೀಗೆ ಶುರು ಮಾಡಿ:

ಒಂದು, ನಿಮ್ಮ ನೌಕೆಗೆ ಹೆಸರಿಡಿ. ನಿಮ್ಮೂರಿನ ಕೆರೆ, ಹೊಳೆ, ಬೆಟ್ಟದ ಹೆಸರಾದರೆ ಇನ್ನೂ ಚೆನ್ನ.

ಎರಡು, ಪ್ರತಿ ವರದಿಯ ತಲೆಯಲ್ಲಿ ವರ್ಷ, ತಿಂಗಳು, ದಿನ ಬರೆಯಿರಿ. ಪಕ್ಕದಲ್ಲಿ ಮಳೆ ನಕ್ಷತ್ರ ಬರೆಯಿರಿ. ಗೊತ್ತಿಲ್ಲದಿದ್ದರೆ ಪಂಚಾಂಗ ಇದೆ, ತಾತ-ಅಜ್ಜಿ ಇದ್ದಾರೆ.

ಮೂರು, ಬರೆದುದನ್ನು ಅಳಿಸಬೇಡಿ. ಗೆರೆ ಎಳೆದು ಪಕ್ಕದಲ್ಲಿ ತಿದ್ದಿ.

ನಾಲ್ಕು, ದಿನಕ್ಕೆ ಒಬ್ಬ ಹಿರಿಯರ ಒಂದು ಮಾತು, ನಿಮ್ಮದೇ ಒಂದು ಪ್ರಶ್ನೆ. ಎರಡೇ ಸಾಲಾದರೂ ಸರಿ.

ಐದು, ಕಂಪ್ಯೂಟರಿನಲ್ಲಿ ಬರೆಯುವವರು ಬರೀ ಅಕ್ಷರದ ಕಡತದಲ್ಲೇ ಇಡಿ. ಪ್ರತಿ ಮಾಡಿ ಇನ್ನೊಂದು ಮನೆಯಲ್ಲೂ ಇಡಿ. ಪುಸ್ತಕದಲ್ಲಿ ಬರೆಯುವವರು ಬೇವಿನ ಎಲೆ ಇಟ್ಟು, ಗೋಡೆಗೆ ತಾಗದಂತೆ ಎತ್ತರದಲ್ಲಿ ಇಡಿ.

ತಾತಂದಿರೇ, ಅಜ್ಜಿಯರೇ, ನಿಮಗೊಂದು ಮಾತು. ಮೊಮ್ಮಕ್ಕಳು ‘ಕ್ಯಾಪ್ಟನ್, ವರದಿ ಒಪ್ಪಿಸಿ’ ಎಂದು ನಿಮ್ಮ ಮುಂದೆ ಬಂದು ನಿಂತರೆ ನಗಬೇಡಿ. ಗಂಟಲು ಸರಿಮಾಡಿಕೊಂಡು, ಇವತ್ತು ಯಾವ ಮಳೆ ಎಂಬಲ್ಲಿಂದ ಶುರು ಮಾಡಿ.